ಕಮಾನು ಗಾಡಿಯಿಂದ ಪಿಕಪ್ ಗಾಡಿಗೆ

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸುತ್ತಣ ಹಳ್ಳಿಗಳಿಂದ ಕಮಾನು ಗಾಡಿಗಳು ಬಂದು ಸಾಲಾಗಿ ನಿಲ್ಲುತ್ತಿದ್ದ ಕಾಲವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ನಾನು ಚಿಕ್ಕಂದಿನಲ್ಲಿ ಚಾಮರಾಜಪೇಟೆಯಿಂದ ಅಜ್ಜನ ಕೈಹಿಡಿದು ಹೋಗಿ ಕಡಲೆಕಾಯಿಗಿಂತ ಹೆಚ್ಚಾಗಿ ಆ ಗಾಡಿಗಳನ್ನೇ ನೋಡುತ್ತಿದ್ದೆ. ಬಿದಿರಿನ ಕಮಾನು, ಅದರ ಮೇಲೆ ಚಾಪೆ, ಒಳಗೆ ಹುಲ್ಲಿನ ಮೆತ್ತೆ, ಕೆಳಗೆ ತೂಗುಬಿದ್ದ ಲಾಂದ್ರ. ಹಗಲು ವಾಹನ, ರಾತ್ರಿ ಮನೆ. ಗಾಲಿಯ ಮೇಲೆ ಮನೆ ಕಟ್ಟಿಕೊಂಡು ಊರು ಸುತ್ತುವುದು ಪರದೇಶದವರ ಹೊಸ ಷೋಕಿ ಎಂದು ಯಾರಾದರೂ ಹೇಳಿದರೆ, ನನಗೆ ಆ ಗಾಡಿಗಳ ನೆನಪಾಗಿ ನಗು ಬರುತ್ತದೆ.

ಪರದೇಶದ ಕತೆಯೂ ಸೊಗಸಾದುದೇ. ಆಸ್ಟ್ರೇಲಿಯದ ರೈತನೊಬ್ಬನ ಹೆಂಡತಿ ಫೋರ್ಡ್ ಕಂಪನಿಗೆ ಒಂದು ಕಾಗದ ಬರೆದಳಂತೆ: ಭಾನುವಾರ ಇಗರ್ಜಿಗೆ ಹೋಗುವುದಕ್ಕೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯುವುದಕ್ಕೂ ಒಂದೇ ಗಾಡಿ ಬೇಕು ಎಂದು. ಗೀಲಾಂಗ್ ಊರಿನ ಕಾರ್ಖಾನೆಯಲ್ಲಿ ಲ್ಯೂ ಬ್ಯಾಂಡ್ಟ್ ಎಂಬ ತರುಣ ರಚಿಸಿದ ಅಂತಹ ಗಾಡಿ 1934ರಲ್ಲಿ ಹೊರಬಂತು. ಅಲ್ಲಿಯವರು ಅದನ್ನು ಪ್ರೀತಿಯಿಂದ ಯೂಟ್ ಎನ್ನುತ್ತಾರೆ. ನಮ್ಮವರು ಪಿಕಪ್ ಎನ್ನುತ್ತಾರೆ. ಮುಂದೆ ಕುಳಿತುಕೊಳ್ಳುವ ಕೋಣೆ, ಹಿಂದೆ ತೆರೆದ ತೊಟ್ಟಿ. ಆ ತೊಟ್ಟಿಯ ಮೇಲೆ ಗಟ್ಟಿಯಾದ ಗೂಡು ಕೂರಿಸಿದರೆ ಅದೇ ನಮ್ಮ ಕಮಾನು ಗಾಡಿ.

ನಾವೂ ಅಂತಹದೊಂದನ್ನು ಮಾಡಿಸಿದೆವು. ಒಮ್ಮೆಯಲ್ಲ, ಎರಡು ಸಲ. ಮೊದಲನೆಯ ಸಲ ಏಕೆ ಕೆಟ್ಟಿತು ಎಂಬುದನ್ನು ಹೇಳಿದರೆ ನಿಮ್ಮ ಹಣವೂ, ಬಹುಶಃ ಅದಕ್ಕಿಂತ ದೊಡ್ಡದೊಂದೂ, ಉಳಿದೀತೆಂದು ಈ ಮಾತುಗಳನ್ನು ಆಡುತ್ತಿದ್ದೇನೆ.

ಮೊದಲನೆಯದು ಭಾರದ ಮಾತು. ನಮ್ಮದು ಎರಡು ಸಾಲು ಸೀಟಿನ ಪಿಕಪ್. ತೊಟ್ಟಿ ಐದಡಿ ಉದ್ದ, ಐದಡಿ ಅಗಲ. ಮೂರಡಿ ಎತ್ತರದ ಗೂಡು ಎಂದರೆ ಸುತ್ತಲಿನ ಗೋಡೆಗೆ 60 ಚದರಡಿ, ಮಾಡಿಗೆ 25. ಒಟ್ಟು 85 ಚದರಡಿ ತಗಡು. ಎರಡು ಮಿಲಿಮೀಟರ್ ದಪ್ಪದ ಉಕ್ಕಿನಲ್ಲಿ ಮಾಡಿದರೆ ಸುಮಾರು 125 ಕಿಲೋ. ಅದೇ ದಪ್ಪದ ಅಲ್ಯೂಮಿನಿಯಂ ಆದರೆ 43 ಕಿಲೋ. ಇದರ ಮೇಲೆ ಒಳಚೌಕಟ್ಟಿಗೆ 60 ಕಿಲೋ ಸೇರಿಸಿ. ಈಗ ನಿಮ್ಮ ಗಾಡಿಯ ನೋಂದಣಿ ಪತ್ರ ತೆಗೆದು, ಒಟ್ಟು ತೂಕದಲ್ಲಿ ಖಾಲಿ ತೂಕವನ್ನು ಕಳೆಯಿರಿ. ಉಳಿದದ್ದು 600 ಕಿಲೋ ಎಂದಿಟ್ಟುಕೊಳ್ಳೋಣ. ತಲಾ 65 ಕಿಲೋದಂತೆ ಐದು ಜನಕ್ಕೆ 325 ಹೋಯಿತು. ಉಕ್ಕಿನ ಗೂಡಿಗೆ 185 ಹೋದರೆ ನೀರು, ಅಕ್ಕಿ, ಪಾತ್ರೆ, ಹಾಸಿಗೆ ಎಲ್ಲಕ್ಕೂ ಉಳಿಯುವುದು ಬರೀ 90. ಅಲ್ಯೂಮಿನಿಯಂ ಗೂಡಾದರೆ 172. ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಈ ವ್ಯತ್ಯಾಸದಲ್ಲಿ ಸಂಸಾರಕ್ಕೆ ಎರಡು ದಿನದ ನೀರು ಅಡಗಿದೆ. ನಮ್ಮ ಮೊದಲ ಗೂಡು ಉಕ್ಕಿನದು. ಗಟ್ಟಿ ಎಂಬ ಹೆಮ್ಮೆಯಲ್ಲಿ ಲೆಕ್ಕ ಹಾಕಲೇ ಇಲ್ಲ.

ಭಾರ ಎಷ್ಟು ಎಂಬುದರಷ್ಟೇ ಮುಖ್ಯ ಅದು ಎಲ್ಲಿದೆ ಎಂಬುದು. ಗಾಡಿ ಹೊಡೆಯುವವರು ಮುಂಭಾರ, ಹಿಂಭಾರ ಎನ್ನುತ್ತಿದ್ದರಲ್ಲ? ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಒತ್ತುತ್ತಿತ್ತು. ಪಿಕಪ್ಪಿನಲ್ಲೂ ಅದೇ ನ್ಯಾಯ. ಹಿಂದಿನ ಅಚ್ಚಿನಿಂದ ಆಚೆಗೆ ಭಾರ ಹೇರಿದರೆ ಮುಂದಿನ ಗಾಲಿಗಳು ಹಗುರಾಗುತ್ತವೆ; ಘಾಟಿಯ ತಿರುವಿನಲ್ಲಿ ಚುಕ್ಕಾಣಿ ಮಾತು ಕೇಳುವುದಿಲ್ಲ. ಆದ್ದರಿಂದ ನೀರಿನ ಡಬ್ಬ, ಬ್ಯಾಟರಿ, ದಿನಸಿ ಪೆಟ್ಟಿಗೆ ಇವು ಕೋಣೆಯ ಬೆನ್ನಿಗೆ ಒತ್ತಿ, ತಳದಲ್ಲೇ ಇರಲಿ. ಹಾಸಿಗೆ ಬಟ್ಟೆ ಹಿಂದಕ್ಕಿರಲಿ. ಮಾಡಿನ ಮೇಲೆ ಹಗುರವಾದದ್ದನ್ನಲ್ಲದೆ ಬೇರೇನನ್ನೂ ಹೇರಬೇಡಿ.

ಎರಡನೆಯದು ಕಟ್ಟುವ ಮಾತು. ನಮ್ಮ ಮೊದಲ ಗೂಡನ್ನು ತೊಟ್ಟಿಗೆ ಎಂಟು ಕಡೆ ಬೆಸುಗೆ ಹಾಕಿಸಿದೆವು. ಅಲುಗಾಡದಂತೆ ಕೂತಿತು ಎಂದು ಬೆನ್ನು ತಟ್ಟಿಕೊಂಡೆವು. ಚಾರ್ಮಾಡಿ ಇಳಿದು ಬರುವಷ್ಟರಲ್ಲಿ ಮೂರು ಬೆಸುಗೆ ಬಿರುಕು ಬಿಟ್ಟಿದ್ದವು. ಕಾರಣ ಸರಳ. ಇಂತಹ ಗಾಡಿಯ ಅಡಿಚೌಕಟ್ಟು ಏಣಿಯ ಹಾಗೆ. ಒಂದು ಗಾಲಿ ಗುಂಡಿಗೆ ಇಳಿದಾಗ ಅದು ಕೊಂಚ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲೇಬೇಕು. ಮೇಲಿನ ಪೆಟ್ಟಿಗೆ ಬಿಗಿಯಾಗಿ ಅಂಟಿದ್ದರೆ ಆ ತಿರುಚಿನ ಬಲವೆಲ್ಲ ಬೆಸುಗೆಯ ಅಂಚಿಗೆ ಬೀಳುತ್ತದೆ. ಬೆಸುಗೆಯ ಕಾವಿನಿಂದ ಪಕ್ಕದ ಲೋಹದ ಕಸುವೂ ಕುಗ್ಗಿರುತ್ತದೆ. ಎರಡನೆಯ ಸಲ ಬೋಲ್ಟುಗಳನ್ನು ಬಳಸಿ, ನಡುವೆ ದಪ್ಪ ರಬ್ಬರ್ ಇಟ್ಟೆವು. ಈ ರಬ್ಬರಿನಿಂದ ಇನ್ನೊಂದು ಉಪಕಾರವುಂಟು: ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ನೇರ ಮುಟ್ಟು ಇದ್ದು ಮಳೆನೀರು ನಿಂತರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ರಬ್ಬರ್ ಅದನ್ನು ತಡೆಯುತ್ತದೆ.

ಸಾಮಾನಿಗಾಗಿ ದೂರ ಹೋಗಬೇಕಿಲ್ಲ. ಬೋಲ್ಟು, ಬೀಗ, ತಿರುಗಣೆಗೆ ಸಾದರ ಪತ್ರಪ್ಪ ರಸ್ತೆ. ಬಾಗಿಲಿನ ರಬ್ಬರ್ ಪಟ್ಟಿ, ದೀಪಗಳಿಗೆ ಜೆ.ಸಿ. ರಸ್ತೆ. ಹಾಸುಹಲಗೆಗೆ ನೀರು ತಾಳುವ ಮೆರೈನ್ ಪ್ಲೈವುಡ್ಡನ್ನೇ ಕೇಳಿ. ತೊಟ್ಟಿಯ ಹಿಂದಿನ ಬಾಗಿಲು ಇಳಿಸಿ ಅದರ ಮೇಲೆ ಹಲಗೆ ಎಳೆದರೆ ಐದಡಿ ಆರೂವರೆ ಅಡಿಯಾಗುತ್ತದೆ. ಇಬ್ಬರು ಕಾಲುಚಾಚಿ ಮಲಗಬಹುದು. ಹೊರಗುಳಿದ ಭಾಗಕ್ಕೆ ಕ್ಯಾನ್ವಾಸಿನ ಪರದೆ.

ಮೂರನೆಯದು ಗಾಳಿಯ ಮಾತು. ಇದನ್ನು ದಯವಿಟ್ಟು ಮರೆಯಬೇಡಿ. ಸಕಲೇಶಪುರದ ಕಡೆ ಒಂದು ರಾತ್ರಿ ಮಳೆ ಸುರಿಯುತ್ತಿತ್ತು, ಚಳಿ. ನನ್ನ ತಂಗಿ, ಅವಳ ಯಜಮಾನರು ಗೂಡಿನೊಳಗೆ. ನಾವು ಪಕ್ಕದ ಡೇರೆಯಲ್ಲಿ. ಭಾವನವರು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗೆ ಇಟ್ಟುಕೊಂಡು ಪರದೆಯನ್ನು ಸುತ್ತಲೂ ಬಿಗಿದು ಮಲಗಿದರು. ನಡುರಾತ್ರಿ ತಂಗಿಗೆ ತಲೆ ಸಿಡಿಯುವ ನೋವು, ವಾಂತಿ. ಅವಳು ತೆವಳಿ ಪರದೆ ಬಿಚ್ಚಿದಳು; ನಾವು ಓಡಿಹೋಗಿ ಭಾವನವರನ್ನು ಎಳೆದು ಹೊರಗೆ ಹಾಕಿದೆವು. ಆಸ್ಪತ್ರೆಗೆ ಒಯ್ದೆವು. ಇಬ್ಬರೂ ಉಳಿದರು. ಅವಳಿಗೆ ವಾಂತಿ ಬಾರದಿದ್ದರೆ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಇದ್ದಿಲು ಉರಿಯುವಾಗ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ಆಮ್ಲಜನಕ ಸೇರಬೇಕಾದ ಕಡೆ ತಾನು ರಕ್ತಕ್ಕೆ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿರುವವನಿಗೆ ಸುಳಿವೇ ಹತ್ತುವುದಿಲ್ಲ.

ಕಮಾನು ಗಾಡಿಗೆ ಹಿಂದೆಯೂ ಮುಂದೆಯೂ ಬಾಯಿ ತೆರೆದಿರುತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಈಗ ನಮ್ಮ ಗೂಡಿಗೆ ತಳದಲ್ಲೊಂದು, ಮೇಲೊಂದು ಮುಚ್ಚಲಾಗದ ಗಾಳಿಗಿಂಡಿ ಉಂಟು. ಹಾಗೆಂದು ಗಿಂಡಿಯನ್ನು ನಂಬಿ ಒಳಗೆ ಬೆಂಕಿ ಇಡುವಂತಿಲ್ಲ. ಇದ್ದಿಲಾಗಲಿ, ಗ್ಯಾಸಾಗಲಿ, ಒಲೆ ಹೊರಗೇ. ಚಳಿಗೆ ಇನ್ನೊಂದು ಕಂಬಳಿ ಇದೆ. ಮುಂಭಾಗದ ಮಾಡಿನಲ್ಲಿ ಜಾಲರಿಯ ಗಿಂಡಿ ಬೇರೆ ಇಟ್ಟಿದ್ದೇವೆ. ಓಡುವಾಗ ಅದರಿಂದ ಒಳಗೆ ಗಾಳಿ ತುಂಬಿ, ಹಿಂದಿನ ಸಂದುಗಳಿಂದ ದೂಳು ನುಗ್ಗುವುದು ಕಡಿಮೆಯಾಗುತ್ತದೆ.

ಕೊನೆಯದು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಮೊದಲ ಸಲ ನಮಗೆ ಈ ಯೋಚನೆಯೇ ಬಂದಿರಲಿಲ್ಲ. ಎರಡನೆಯ ಸಲ ನಕ್ಷೆಯನ್ನು ಮೊದಲು ಸಾರಿಗೆ ಕಛೇರಿಗೆ ತೋರಿಸಿ, ಅವರು ಹೇಳಿದ ತಿದ್ದುಪಡಿ ಮಾಡಿಕೊಂಡು, ಬಳಿಕ ತಗಡು ಕೊಂಡೆವು. ನೀವೂ ಹಾಗೆಯೇ ಮಾಡಿ. ಗಾಡಿ ಓಡುತ್ತಿರುವಾಗ ಗೂಡಿನೊಳಗೆ ಯಾರನ್ನೂ ಕೂರಿಸಬೇಡಿ. ಮಕ್ಕಳು ಎಷ್ಟೇ ಗೋಗರೆದರೂ ಸರಿ.

ಮೊನ್ನೆ ಕಾರ್ತಿಕ ಸೋಮವಾರ ಪರಿಷೆಗೆ ಹೋಗಿದ್ದಾಗ ಮೊಮ್ಮಗ ಕೇಳಿದ: "ತಾತ, ನಿಮ್ಮ ಕಾಲದ ಗಾಡಿ ಹೇಗಿತ್ತು?" ಮನೆಗೆ ಬಂದು ನಮ್ಮ ಪಿಕಪ್ಪಿನ ಹಿಂಬಾಗಿಲು ಇಳಿಸಿ ತೋರಿಸಿದೆ. ಹುಲ್ಲಿನ ಮೆತ್ತೆಯೊಂದು ಇಲ್ಲ, ಅಷ್ಟೇ. ನಮ್ಮ ಅಜ್ಜಂದಿರಿಗೆ ತಿಳಿದಿದ್ದ ಭಾರದ ಹದ, ಕಟ್ಟಿನ ಸಡಿಲ, ಗಾಳಿಯ ದಾರಿ, ಈ ಮೂರೂ ಇವೆ. ನೀವು ಕಟ್ಟಿಸುವ ಗಾಡಿಯಲ್ಲೂ ಇರಲಿ.