ಅಂಜಿಕೆಯೊಡನೆಯೇ ಹೊರಡೋಣ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಕಛೇರಿಯಲ್ಲಿ, ಗಿರಣಿಯಲ್ಲಿ ದುಡಿದು ಸಂಜೆ ಇಲ್ಲಿಗೆ ಬರುವ ನಮ್ಮವರಲ್ಲಿ ನಟರಾಗಬೇಕೆಂಬ ಹಂಬಲವುಳ್ಳವರು ಇಲ್ಲದಿಲ್ಲ. ನಾಟಕಕ್ಕೋ ಚಿತ್ರಕ್ಕೋ ಪಾತ್ರಧಾರಿಗಳನ್ನು ಆರಿಸುತ್ತಾರೆಂದು ಕೇಳಿದೊಡನೆ ಮನಸ್ಸು ಕುಣಿಯುತ್ತದೆ. ಹೋಗುವ ದಿನ ಕಾಲು ಏಳುವುದಿಲ್ಲ. ನಮ್ಮದೂ ಒಂದು ಮುಖವೆ? ನಮ್ಮ ಕನ್ನಡದ ನಾಲಗೆಗೆ ಬಂಗಾಳಿ ಹೊರಳೀತೆ? ಒಂದು ದಿನದ ಸಂಬಳವನ್ನೂ ಕಳೆದುಕೊಂಡು, ಬೇಡವೆನ್ನಿಸಿಕೊಂಡು ಬಂದರೆ ಜೊತೆಯವರು ನಗರೆ? ಈ ಅಂಜಿಕೆಯ ವಿಷಯವಾಗಿ ನಾಲ್ಕು ಮಾತು.

ನಾವಿರುವ ಈ ಬಾರಾನಗರ ನಟರಿಗೆ ಹೊಸತಲ್ಲ. ಕಾಲೇಜಿನ ಅಧ್ಯಾಪಕ ಹುದ್ದೆಯನ್ನು ಬಿಟ್ಟು 1921ರಲ್ಲಿ ವೃತ್ತಿರಂಗಭೂಮಿಗೆ ಇಳಿದ ಶಿಶಿರಕುಮಾರ ಭಾದುರಿಯವರು 1959ರಲ್ಲಿ ತೀರಿಕೊಂಡದ್ದು ಇಲ್ಲಿಯೇ. ಅವರ ಕೊನೆಯ ವರ್ಷಗಳಲ್ಲಿ ಅವರನ್ನು ಗುರುವೆಂದು ಕಂಡ ತರುಣರೊಬ್ಬರು ಸೌಮಿತ್ರ ಚಟರ್ಜಿ.

ಸೌಮಿತ್ರರು ಆಗ ಆಕಾಶವಾಣಿಯಲ್ಲಿ ಉದ್ಘೋಷಕರು. 1957ರಲ್ಲಿ ಬಂದ ‘ನೀಲಾಚಲೇ ಮಹಾಪ್ರಭು’ ಚಿತ್ರದ ಪರೀಕ್ಷೆಯಲ್ಲಿ ಅವರು ಆಯ್ಕೆಯಾಗಲಿಲ್ಲ. ಅದಕ್ಕೂ ಹಿಂದೆ ಸತ್ಯಜಿತ್ ರಾಯ್ ಅವರು ‘ಅಪರಾಜಿತೊ’ ಚಿತ್ರದ ಹದಿಹರೆಯದ ಅಪುವಿಗೆ ಇವರ ವಯಸ್ಸು ಹೆಚ್ಚಾಯಿತೆಂದು ಬಿಟ್ಟಿದ್ದರು. ಆದರೆ ಅದೇ ಅಪು ದೊಡ್ಡವನಾದ ‘ಅಪುರ್ ಸಂಸಾರ್’ ಚಿತ್ರಕ್ಕೆ ರಾಯ್ ಅವರು ಕರೆದದ್ದು ಇವರನ್ನೇ. ಬೇಡವೆಂದವರು ಒಂದು ಪಾತ್ರಕ್ಕೆ ಬೇಡವೆಂದಿದ್ದರು, ಮನುಷ್ಯನನ್ನೇ ಬೇಡವೆಂದಿರಲಿಲ್ಲ.

ಕರೆ ಬಂದರೂ ಸೌಮಿತ್ರರ ಸಂದೇಹ ಅಳಿಯಲಿಲ್ಲ. ತಮ್ಮ ಮುಖ ಚಿತ್ರಕ್ಕೆ ತಕ್ಕುದಲ್ಲವೆಂದೇ ಅವರ ಎಣಿಕೆ. 1958ರ ಆಗಸ್ಟ್ 9ರಂದು ಮೊದಲ ದೃಶ್ಯ ಒಂದೇ ಸಲಕ್ಕೆ ಒಪ್ಪಿಗೆಯಾದಾಗ ಮಾತ್ರ, ಇದೇ ತಮ್ಮ ಕಸುಬು ಎಂದು ಅವರಿಗೆ ತಿಳಿಯಿತು. ಅಂದರೆ ಸಂದೇಹ ಕ್ಯಾಮರಾದವರೆಗೂ ಜೊತೆಯಲ್ಲೇ ಬಂದಿತ್ತು. ಅದು ತೊಲಗಲೆಂದು ಅವರು ಮನೆಯಲ್ಲಿ ಕಾದು ಕುಳಿತಿರಲಿಲ್ಲ.

ಗುಮಾಸ್ತರಿಗೆ ಇನ್ನೊಂದು ನಿದರ್ಶನವುಂಟು. ಉತ್ತಮಕುಮಾರರು ಕಲ್ಕತ್ತೆಯ ಬಂದರು ಕಛೇರಿಯಲ್ಲಿ ಗುಮಾಸ್ತರಾಗಿದ್ದವರು. 1948ರಲ್ಲಿ ತೆರೆಗೆ ಬಂದರೂ ಅವರ ಮೊದಲ ಚಿತ್ರಗಳು ಒಂದರ ಮೇಲೊಂದು ಸೋತವು. 1952ರ ‘ಬಸು ಪರಿವಾರ್’ ಬಂದ ಮೇಲೆಯೇ ಜನ ಅವರನ್ನು ಗುರುತಿಸಿದ್ದು.

ನಮ್ಮ ರಾಜಕುಮಾರರು 1954ರ ‘ಬೇಡರ ಕಣ್ಣಪ್ಪ’ಕ್ಕೆ ಮೊದಲೇ ಗುಬ್ಬಿ ಕಂಪನಿಯಲ್ಲಿ ಪಳಗಿದ್ದರು. ದಿನವೂ ಜನರೆದುರು ನಿಲ್ಲುವವನಿಗೆ ಅಂಜಿಕೆ ತಾನಾಗಿ ಸವೆಯುತ್ತದೆ. ನಮಗೆ ಆ ಅನುಕೂಲವಿಲ್ಲ. ಆದ್ದರಿಂದ ಅಭ್ಯಾಸವನ್ನು ನಾವೇ ಹುಡುಕಿಕೊಳ್ಳಬೇಕು. ಮಾತುಗಳನ್ನು ಬಾಯಿಪಾಠ ಮಾಡಿ ಗಂಗೆಯ ಘಾಟಿನಲ್ಲಿ ನಿಂತು ಗಟ್ಟಿಯಾಗಿ ಆಡೋಣ. ಜೊತೆಯಲ್ಲಿ ಕೆಲಸಮಾಡುವ ಬಂಗಾಳಿ ಮಿತ್ರರಿಂದ ಉಚ್ಚಾರಣೆ ತಿದ್ದಿಸಿಕೊಳ್ಳೋಣ. ರಜೆಯನ್ನು ಮುಂಚೆಯೇ ಕೇಳಿಕೊಳ್ಳೋಣ. ಊರಿಗೆ ಹಣ ಕಳಿಸಬೇಕಾದವರು ಕೆಲಸ ಬಿಡುವ ಆತುರ ಬೇಡ. ಬೇಡವೆಂದರೆ ಯಾವುದರಲ್ಲಿ ಕೊರತೆಯೆಂದು ವಿನಯದಿಂದ ಕೇಳಿ ಬರೋಣ. ತಿದ್ದಿಕೊಳ್ಳುವಂಥದಾದರೆ ತಿದ್ದಿಕೊಳ್ಳೋಣ, ವಯಸ್ಸು ಎತ್ತರಗಳ ಮಾತಾದರೆ ಅಲ್ಲಿಯೇ ಬಿಡೋಣ.

ಹೀಗೆ ಮಾಡಿದವರೆಲ್ಲ ಹೆಸರಾಂತ ನಟರಾಗುತ್ತಾರೆಂದು ನಾವು ಹೇಳುವುದಿಲ್ಲ. ಹೋಗದೆ ಉಳಿದವನಿಗೆ ತಾನು ತಕ್ಕವನೋ ಅಲ್ಲವೋ ಎಂಬುದು ಕೊನೆಗೂ ತಿಳಿಯುವುದಿಲ್ಲ. ಹೋದವನಿಗೆ ಅಷ್ಟಾದರೂ ತಿಳಿಯುತ್ತದೆ. ನಮ್ಮವರೊಬ್ಬರು ಬೇಡವೆನ್ನಿಸಿಕೊಂಡು ಬಂದ ಸಂಜೆ ನಗದೆ, ಒಂದು ಲೋಟ ಚಹಾ ಕೊಟ್ಟು ಮುಂದಿನ ಪರೀಕ್ಷೆ ಎಂದೆಂದು ಕೇಳುವುದು ಉಳಿದ ನಮ್ಮೆಲ್ಲರ ಕೆಲಸ.