ಬಟ್ಟಲಿನಲ್ಲಿ ಕೂರುವ ಹಂದಿ

ಹಂದಿಯನ್ನು ಕುರಿತು ಆಕಾಶವಾಣಿಯಲ್ಲಿ ಹತ್ತು ನಿಮಿಷ ಮಾತನಾಡಲಿದ್ದೇನೆ ಎಂದಾಗ ನನ್ನ ಮನೆಯಾಕೆ ಕೇಳಿದ್ದು ಒಂದೇ ಮಾತು: “ಊಟದ ಹೊತ್ತಿಗಲ್ಲ ತಾನೆ?” ಆಕೆಯ ಆತಂಕ ನಮ್ಮ ಬಹುಮಂದಿಯದೂ ಹೌದು. ವರಾಹವೆಂದರೆ ಕೈಮುಗಿಯುವ, ವಿಜಯನಗರದ ಅರಸರ ಲಾಂಛನದಲ್ಲಿ ಅದನ್ನು ಕಂಡು ಹೆಮ್ಮೆಪಡುವ, ಹೊನ್ನಿನ ನಾಣ್ಯವನ್ನೇ ವರಾಹವೆಂದು ಕರೆದ ನಾವು, ಅದೇ ಪ್ರಾಣಿ ಬೀದಿಯ ಮೋರಿಯಲ್ಲಿ ಎದುರಾದರೆ ಪಂಚೆಯ ಚುಂಗನ್ನು ಮೂಗಿಗೆ ಒತ್ತಿಕೊಂಡು ಆಚೆ ಬದಿಗೆ ದಾಟುತ್ತೇವೆ. ಸಂಸ್ಕೃತದಲ್ಲಿ ಅವತಾರ, ಕನ್ನಡದಲ್ಲಿ ಬೈಗುಳ! ಪಂಜುರ್ಲಿಗೆ ನೇಮ ಕಟ್ಟುವ ತುಳುನಾಡಿನವರು ಮಾತ್ರ ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರೆಂದು ತೋರುತ್ತದೆ.

ಈ ವಿಷಯ ನನ್ನ ತಲೆಯನ್ನು ಹೊಕ್ಕದ್ದು ಮೊಮ್ಮಗಳ ದೆಸೆಯಿಂದ. ಅಮೆರಿಕದಲ್ಲಿರುವ ಆ ಒಂಬತ್ತು ವರ್ಷದ ಹುಡುಗಿ ಒಂದು ಭಾನುವಾರ ಫೋನಿನಲ್ಲಿ, “ತಾತ, ನನಗೊಂದು ಹಂದಿಮರಿ ಬೇಕು. ಅಮ್ಮ ನಿಮ್ಮನ್ನ ಕೇಳು ಅಂದಳು” ಎಂದಳು. ಬೇಡವೆನ್ನುವ ಕೆಲಸವನ್ನು ತಮಗಿಂತ ಹಿರಿಯರಿಗೆ ದಾಟಿಸುವುದು ಹಳೆಯ ಪದ್ಧತಿ; ನನ್ನ ಮಗಳು ಅದನ್ನು ಮರೆತಿಲ್ಲ. ಹುಡುಗಿ ಒಂದು ಚಿತ್ರವನ್ನೂ ಕಳುಹಿಸಿದ್ದಳು. ಚಹಾ ಕುಡಿಯುವ ಪಿಂಗಾಣಿ ಬಟ್ಟಲು. ಅದರೊಳಗೆ ಕುಳಿತು, ಮುಂಗಾಲೆರಡನ್ನೂ ಅಂಚಿನ ಮೇಲಿಟ್ಟುಕೊಂಡು, ಲೋಕವನ್ನೆಲ್ಲ ನಂಬಿದ ಕಣ್ಣುಗಳಿಂದ ನೋಡುತ್ತಿರುವ ಗುಲಾಬಿ ಬಣ್ಣದ ಮರಿ. ಬೇಡವೆನ್ನಲು ಸಿದ್ಧನಾಗಿದ್ದ ನಾನು ಒಂದು ವಾರದ ಅವಧಿ ಕೇಳಿದೆ.

ಆ ವಾರದಲ್ಲಿ ನನಗೆ ಮೊದಲು ತಿಳಿದುಬಂದದ್ದು, ಹಂದಿಯ ಮೇಲೆ ನಾವು ಹೊರಿಸಿರುವ ಅಪವಾದಗಳು ಬಹುಪಾಲು ಸುಳ್ಳು ಎಂಬುದು. ಅದು ಕೆಸರಿನಲ್ಲಿ ಹೊರಳುವುದು ಕೊಳಕಿನ ಮೇಲಿನ ಪ್ರೀತಿಯಿಂದಲ್ಲ. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಜಾಗ ಕೊಟ್ಟರೆ ಅದು ಮಲಗುವ ಎಡೆಯಿಂದ ದೂರದ ಮೂಲೆಯೊಂದನ್ನು ಶೌಚಕ್ಕೆ ಮೀಸಲಿಡುತ್ತದೆ. ಬುದ್ಧಿಯಲ್ಲಂತೂ ನಾಯಿಗೆ ಕಡಿಮೆಯಿಲ್ಲ. ಅಮೆರಿಕದ ವಿಜ್ಞಾನಿಗಳು ನಾಲ್ಕು ಹಂದಿಗಳಿಗೆ ಮೂತಿಯಿಂದ ಸನ್ನೆಕೋಲು ಅಲ್ಲಾಡಿಸಿ ಪರದೆಯ ಮೇಲಿನ ಗುರುತನ್ನು ಗುರಿಮುಟ್ಟಿಸುವ ಆಟ ಕಲಿಸಿದ ವರದಿ 2021ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಒಂದರ ಹೆಸರು ಹ್ಯಾಮ್ಲೆಟ್, ಇನ್ನೊಂದರ ಹೆಸರು ಆಮ್ಲೆಟ್. ವಿಜ್ಞಾನಿಗಳಿಗೂ ಪ್ರಾಸದ ಚಪಲ ಬಿಟ್ಟಿಲ್ಲ. ಇನ್ನು ವುಡ್‌ಹೌಸನನ್ನು ಓದಿದವರಿಗೆ ಬ್ಲಾಂಡಿಂಗ್ಸ್ ಕೋಟೆಯ ಆ ಸಾಮ್ರಾಜ್ಞಿ ಹಂದಿಯನ್ನೂ ದೊಡ್ಡಿಯ ಬೇಲಿಗೆ ಒರಗಿ ಮೈಮರೆಯುವ ಎಮ್ಸ್‌ವರ್ತ್ ಪ್ರಭುವನ್ನೂ ನಾನು ಪರಿಚಯಿಸಬೇಕಾಗಿಲ್ಲ. ಆದರೆ ಪ್ರಭುವಿನ ಹೆಮ್ಮೆಯೆಲ್ಲ ಅದರ ಗಾತ್ರದಲ್ಲಿತ್ತು ಎಂಬುದನ್ನು ಮರೆಯಬಾರದು. ಅದು ಬಟ್ಟಲಿನಲ್ಲಿ ಕೂರಲಿ ಎಂದು ಆತ ಬಯಸಿದವನಲ್ಲ.

ಹಂದಿಯನ್ನು ಕುಳ್ಳಾಗಿಸುವ ಯತ್ನ ಮೊದಲಾದದ್ದು ಮಡಿಲಿಗಾಗಿ ಅಲ್ಲ, ಪ್ರಯೋಗಶಾಲೆಗಾಗಿ. ಅದರ ಹೃದಯ, ಚರ್ಮ, ಜೀರ್ಣಾಂಗಗಳು ಮನುಷ್ಯನವುಗಳನ್ನು ಹೋಲುತ್ತವೆ. ಆದರೆ ಇನ್ನೂರು ಮುನ್ನೂರು ಕಿಲೋ ತೂಗುವ ರೋಗಿಯನ್ನು ನಿಭಾಯಿಸುವುದು ಕಷ್ಟ. ಆದ್ದರಿಂದ 1949ರಲ್ಲಿ ಅಮೆರಿಕದ ಮಿನೆಸೋಟದಲ್ಲಿಯೂ, 1960ರ ದಶಕದಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿಯೂ ಚಿಕ್ಕ ತಳಿಗಳನ್ನು ರೂಪಿಸುವ ಕೆಲಸ ನಡೆಯಿತು. ವಿಯೆಟ್ನಾಮಿನ ಜೋಲುಹೊಟ್ಟೆಯ ಹಂದಿಗಳು 1980ರ ದಶಕದ ನಡುವಿನಲ್ಲಿ ಕೆನಡಕ್ಕೆ ಬಂದದ್ದು ಮೃಗಾಲಯಗಳಿಗೆಂದು. ಅಲ್ಲಿಂದ ಅಮೆರಿಕದ ದಿವಾನಖಾನೆಗಳಿಗೆ ನುಸುಳಿದುವು. ಈ ‘ಚಿಕ್ಕ’ ಎಂಬ ವಿಶೇಷಣವೇ ಎಲ್ಲ ಅನರ್ಥಕ್ಕೂ ಮೂಲ. ದೊಡ್ಡಿಯ ಹಂದಿಯ ಪಕ್ಕದಲ್ಲಿ ನಿಲ್ಲಿಸಿದರೆ ಅದು ಚಿಕ್ಕದೇ. ಸೋಫಾದ ಮೇಲೆ ನಿಮ್ಮ ಪಕ್ಕದಲ್ಲಿ ಕುಳಿತರೆ ಐವತ್ತು, ಅರವತ್ತು, ಕೆಲವೊಮ್ಮೆ ನೂರು ಕಿಲೋ! ಹಾಲಿವುಡ್ಡಿನ ನಟ ಜಾರ್ಜ್ ಕ್ಲೂನಿ ಸಾಕಿದ್ದ ಮ್ಯಾಕ್ಸ್ ಎಂಬ ಹಂದಿ ನೂರು ಕಿಲೋವನ್ನು ದಾಟಿತ್ತು. ಅದು ತನ್ನ 18ನೆಯ ವಯಸ್ಸಿನಲ್ಲಿ, 2006ರ ಡಿಸೆಂಬರಿನಲ್ಲಿ ಸತ್ತಿತು.

ಮಾರುವವರ ಜಾಣತನವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಂದಿ ಕೆಲವೇ ತಿಂಗಳಿಗೆ ಗರ್ಭ ಧರಿಸಬಲ್ಲದು. ಆದರೆ ಅದರ ಮೈ ಮೂರು ನಾಲ್ಕು ವರ್ಷ ಬೆಳೆಯುತ್ತಲೇ ಇರುತ್ತದೆ. ಕೊಳ್ಳಲು ಬಂದವರಿಗೆ “ಇದೋ ನೋಡಿ, ಮರಿಯ ತಾಯಿ, ಇಷ್ಟೇ ಎತ್ತರ” ಎಂದು ತೋರಿಸುತ್ತಾರೆ. ತೋರಿಸಿದ್ದು ಸುಳ್ಳಲ್ಲ. ತಾಯಿ ಹೌದು, ಆದರೆ ಅದೂ ಇನ್ನೂ ಬಾಲೆಯೇ ಎಂಬುದನ್ನು ಹೇಳುವುದಿಲ್ಲ. ಮತ್ತೆ ಕೈಗೊಂದು ಚೀಟಿ: ದಿನಕ್ಕೆ ಇಷ್ಟೇ ಹಿಡಿ ಆಹಾರ, ಹೆಚ್ಚು ಕೊಟ್ಟರೆ ಬೆಳೆದೀತು. ಅರೆಹೊಟ್ಟೆಯಲ್ಲಿಟ್ಟರೆ ಮೈ ಬಡವಾಗಿ ಮೂಳೆ ಸೊರಗುತ್ತದೆಯೇ ಹೊರತು ತಳಿಯ ಗುಣ ಬದಲಾಗುವುದಿಲ್ಲ. ಹಸಿದ ಬುದ್ಧಿವಂತ ಪ್ರಾಣಿ ಫ್ರಿಜ್ಜಿನ ಬಾಗಿಲು ತೆರೆಯಲು ಕಲಿಯುತ್ತದೆ, ಆಹಾರವಿರುವ ಕೈಯನ್ನು ಕಚ್ಚಲು ಕಲಿಯುತ್ತದೆ. ಆಗ ಮನೆಯವರು “ಈ ಹಂದಿಯ ಸ್ವಭಾವ ಸರಿಯಿಲ್ಲ” ಎನ್ನುತ್ತಾರೆ. ಹಸಿವೆಯನ್ನು ಸ್ವಭಾವವೆಂದು ಕರೆದು ಕೈತೊಳೆದುಕೊಳ್ಳುವ ಈ ಕ್ರಮ ನನಗೆ ಸಹಿಸಲಾರದಷ್ಟು ಪರಿಚಿತವೆನಿಸಿತು.

ಕೆನಡದ ಒಂಟಾರಿಯೋ ಪ್ರಾಂತದ ಸ್ಟೀವ್ ಜೆಂಕಿನ್ಸ್ ಮತ್ತು ಡೆರೆಕ್ ವಾಲ್ಟರ್ ಎಂಬಿಬ್ಬರ ಮನೆಗೆ 2012ರಲ್ಲಿ ಇಂಥದೇ ಒಂದು ಮರಿ ಬಂತು. ಎಸ್ತರ್ ಎಂದು ಹೆಸರಿಟ್ಟರು. ಚಿಕ್ಕ ತಳಿಯದೆಂಬ ಭರವಸೆ ಸಿಕ್ಕಿತ್ತು. ಪಶುವೈದ್ಯರು ಮೊಟಕಾದ ಬಾಲವನ್ನು ಕಂಡಾಗಲೇ ಸಂದೇಹಪಟ್ಟರು. ಬಾಲ ಕತ್ತರಿಸುವುದು ಮಾಂಸಕ್ಕಾಗಿ ಸಾಕುವ ದೊಡ್ಡಿಗಳ ಪದ್ಧತಿ. ಸಂದೇಹ ನಿಜವಾಯಿತು; ಎಸ್ತರ್ ಬೆಳೆದು ಸುಮಾರು 300 ಕಿಲೋ ಮುಟ್ಟಿದಳು. ಮುಂದಿನದೇ ಸೋಜಿಗ. ಅವಳನ್ನು ಅವರು ಹೊರಹಾಕಲಿಲ್ಲ. ಮನೆಯಲ್ಲಿ ಹಂದಿಮಾಂಸ ನಿಂತಿತು, ಆಮೇಲೆ ಎಲ್ಲ ಮಾಂಸವೂ ನಿಂತಿತು. ಕೊನೆಗೆ ಜನರಿಂದ ಹಣ ಕೂಡಿಸಿ, ಊರ ಮನೆಯನ್ನು ಬಿಟ್ಟು, ಜಮೀನು ಕೊಂಡು, 2014ರಲ್ಲಿ ಅನಾಥ ಪಶುಗಳ ಆಶ್ರಯಧಾಮವನ್ನೇ ಕಟ್ಟಿದರು. ಎಸ್ತರ್ 2023ರಲ್ಲಿ ತೀರಿಕೊಂಡಳು. ಹಂದಿ ಚಿಕ್ಕದಾಗಿ ಉಳಿಯಲಿಲ್ಲ. ಅದಕ್ಕೆ ತಕ್ಕಂತೆ ಇವರೇ ಮನೆಯನ್ನು ದೊಡ್ಡದು ಮಾಡಿದರು. ಆದರೆ ಹಾಗೆ ಮಾಡಬಲ್ಲವರು ಎಷ್ಟು ಮಂದಿ? ಉಳಿದವರ ಹಂದಿಗಳು ಇಂಥ ಧಾಮಗಳ ಬಾಗಿಲಿಗೆ ಬರುತ್ತವೆ. ಬಾರದವು ಎಲ್ಲಿಗೆ ಹೋಗುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಾತ್ರವೊಂದೇ ತೊಡಕೂ ಅಲ್ಲ. ಹಂದಿ ಹಿಂಡಿನ ಪ್ರಾಣಿ. ಒಂಟಿಯಾಗಿಟ್ಟರೆ ಬೇಸರದಿಂದ ಕೆಡುತ್ತದೆ. ಮೂತಿಯಿಂದ ನೆಲ ಕೆದಕುವುದು ಅದರ ಜನ್ಮಸಿದ್ಧ ಹಕ್ಕು. ಹೂದೋಟವಿಲ್ಲದಿದ್ದರೆ ರತ್ನಗಂಬಳಿಯೇ ಅದರ ಹೊಲ. ಬ್ರಿಟನ್ನಿನಲ್ಲಿ ಒಂದೇ ಒಂದು ಹಂದಿ ಸಾಕಿದರೂ ಜಾಗವನ್ನು ನೋಂದಾಯಿಸಬೇಕು. ಕೂಡಿಹಾಕಿದ ನಾಯಿಯಂತೆ ಅದನ್ನು ಅಡ್ಡಾಡಿಸಲೂ ಪರವಾನಗಿ ಬೇಕು. ರೋಗಭಯದಿಂದಾಗಿ ಅಡುಗೆಮನೆಯ ಎಂಜಲನ್ನು ಅದಕ್ಕೆ ಹಾಕುವುದೂ ಅಪರಾಧ. ಚೀನದ ಷೆನ್‌ಜೆನ್ನಿನ ಸಂಸ್ಥೆಯೊಂದು ಬೆಳವಣಿಗೆಯ ಜೀನನ್ನೇ ತಿದ್ದಿ, ಹದಿನೈದು ಕಿಲೋ ಮೀರದ ಹಂದಿಯನ್ನು ಹತ್ತು ಸಾವಿರ ಯುವಾನಿಗೆ ಮಾರುವೆನೆಂದು 2015ರಲ್ಲಿ ಸಾರಿತು. ಅನಂತರ ಆ ಯೋಚನೆಯನ್ನು ಕೈಬಿಟ್ಟಿತು. ಒಳ್ಳೆಯದಾಯಿತೆಂದೇ ನನ್ನ ಭಾವನೆ.

ನಿಜವಾಗಿ ಪುಟ್ಟದಾದ ಹಂದಿ ನಮ್ಮ ದೇಶದಲ್ಲಿಯೇ ಇದೆ. ಹಿಮಾಲಯದ ತಪ್ಪಲಿನ ಎತ್ತರದ ಹುಲ್ಲುಗಾಡಿನ ಜೀವಿ. ನಿಂತರೆ ಒಂದು ಗೇಣಿಗಿಂತ ತುಸು ಎತ್ತರ, ತೂಗಿದರೆ ಆರರಿಂದ ಹತ್ತು ಕಿಲೋ. ಅಳಿದೇಹೋಯಿತೆಂದು ಭಾವಿಸಿದ್ದ ಅದು 1971ರಲ್ಲಿ ಅಸ್ಸಾಮಿನಲ್ಲಿ ಮತ್ತೆ ಕಣ್ಣಿಗೆ ಬಿತ್ತು. 1996ರಿಂದ ಗುವಾಹಟಿಯ ಬಳಿ ಅದರ ಸಂತಾನವನ್ನು ಬೆಳೆಸಿ ಕಾಡಿಗೆ ಮರಳಿಸುತ್ತ ಬಂದಿದ್ದಾರೆ. ಹುಲಿಗೆ ಇರುವ ಕಾನೂನಿನ ರಕ್ಷಣೆ ಅದಕ್ಕೂ ಉಂಟು, ಯಾರೂ ಸಾಕುವಂತಿಲ್ಲ.

ಇದನ್ನೆಲ್ಲ ಮುಂದಿನ ಭಾನುವಾರ ಮೊಮ್ಮಗಳಿಗೆ ಹೇಳಿದೆ. ಅಳಬಹುದೆಂದುಕೊಂಡಿದ್ದೆ, ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಬಟ್ಟಲಿನ ಮರಿ ಈಗ ಎಲ್ಲಿದೆ, ತಾತ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹೋದ ತಿಂಗಳು ಅವಳ ಅಮ್ಮ ಅವಳನ್ನು ಹತ್ತಿರದ ಆಶ್ರಯಧಾಮವೊಂದಕ್ಕೆ ಕರೆದುಕೊಂಡು ಹೋಗಿದ್ದಳಂತೆ. ಅಲ್ಲೊಂದು ಕಪ್ಪು ಹಂದಿ ಎರಡು ಕ್ಯಾರೆಟ್ ತಿಂದು, ಮೂರನೆಯದು ಸಿಗುವವರೆಗೆ ಕಾಯಲಾರದೆ, ಅವಳ ಬೂಟಿನ ದಾರವನ್ನು ಬಿಚ್ಚಿಬಿಟ್ಟಿತಂತೆ.