ಜೆಟ್ಟಿನ ರಂಧ್ರ, ಗಾಳಿಯ ಲೆಕ್ಕ



ಎರಡು ಸ್ಟ್ರೋಕಿನ ಬೈಕಿನ ಸದ್ದು ಕೇಳಿದೊಡನೆ ನಿಮ್ಮಲ್ಲಿ ಹಲವರ ಕಿವಿ ನಿಮಿರುವುದು ನನಗೆ ಗೊತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಇವೆಲ್ಲ ಎರಡು ಸ್ಟ್ರೋಕಿನವೇ. ರಸ್ತೆಯಿಂದ ಅವು ಬಹುಮಟ್ಟಿಗೆ ಮರೆಯಾಗಿವೆ. ಆದರೆ ಮಣ್ಣಿನ ದಿಬ್ಬಗಳ ಮೇಲೆ ನೆಗೆದು ಓಡುವ ಮೋಟೋಕ್ರಾಸ್ ಬೈಕುಗಳಲ್ಲಿ ಈ ಇಂಜಿನ್ ಇಂದಿಗೂ ಉಳಿದಿದೆ. ತೂಕ ಕಡಿಮೆ, ಬಿಡಿಭಾಗ ಕಡಿಮೆ, ಶಕ್ತಿ ಹೆಚ್ಚು ಎಂಬುದೇ ಇದಕ್ಕೆ ಕಾರಣ.

ಇಂಥ ಬೈಕಿನ ಮಾತು ಬಂದಾಗ ಚರ್ಚೆ ಬೇಗನೆ ಕಾರ್ಬ್ಯುರೇಟರಿಗೆ ಬಂದು ನಿಲ್ಲುತ್ತದೆ. 'ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ಪಿಕಪ್ ಬರುತ್ತದಂತೆ', 'ಜೆಟ್ ಸಣ್ಣದು ಮಾಡಿದರೆ ಮೈಲೇಜ್ ಸಿಗುತ್ತದಂತೆ.' ಈ ಅಂತೆ-ಕಂತೆಗಳ ಜಾಗದಲ್ಲಿ ಲೆಕ್ಕವನ್ನು ಕೂರಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಕಾರ್ಬ್ಯುರೇಟರಿನ ತತ್ವ ನಿಮ್ಮ ಭೌತಶಾಸ್ತ್ರದ ಪಠ್ಯದಲ್ಲೇ ಇದೆ. ಕಿರಿದಾದ ಕೊಳವೆಯಲ್ಲಿ ಗಾಳಿ ವೇಗವಾಗಿ ಹರಿದರೆ ಅಲ್ಲಿ ಒತ್ತಡ ಇಳಿಯುತ್ತದೆ ಎಂಬ ನಿಯಮವನ್ನು ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ. ಹೀಗೆ ಒತ್ತಡ ಇಳಿದಾಗ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲು ಸಣ್ಣ ರಂಧ್ರದ ಮೂಲಕ ಮೇಲೇರಿ ಗಾಳಿಯಲ್ಲಿ ಹನಿಹನಿಯಾಗಿ ಬೆರೆಯುತ್ತದೆ. ಆ ರಂಧ್ರವಿರುವ ಹಿತ್ತಾಳೆಯ ಪುಟ್ಟ ತಿರುಪೇ ಜೆಟ್. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಮಿಶ್ರಣ 'ರಿಚ್', ಕಡಿಮೆಯಾದರೆ 'ಲೀನ್' ಎಂದು ಮೆಕ್ಯಾನಿಕರು ಹೇಳುತ್ತಾರೆ.

ರಿಚ್ ಆದರೆ ಹೊಗೆ ಬರುತ್ತದೆ, ಇಂಜಿನ್ ತೊದಲುತ್ತದೆ, ಪ್ಲಗ್ ಕಪ್ಪಾಗುತ್ತದೆ. ಲೀನ್ ಆದರೆ ಅಪಾಯವೇ ಬೇರೆ. ಮೋಟೋಕ್ರಾಸ್ ಬೈಕಿನಲ್ಲಿ ಪಿಸ್ಟನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಯಲ್ಲೇ. 40ಕ್ಕೆ 1ರ ಪ್ರಮಾಣವೆಂದರೆ ಲೀಟರಿಗೆ 25 ಮಿಲಿಲೀಟರ್ ಎಣ್ಣೆ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು, ತಂಪೂ ಕಡಿಮೆಯಾಯಿತು. ಬಿಸಿಯಾದ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದೇ ಇಂಜಿನ್ 'ಸೀಜ್' ಆಗುವುದು. ಪೂರ್ಣ ವೇಗದಲ್ಲಿ ಹೀಗಾದರೆ ಹಿಂದಿನ ಚಕ್ರ ತಟಕ್ಕನೆ ನಿಂತು ಸವಾರ ನೆಲಕ್ಕೆ ಬೀಳುತ್ತಾನೆ. ಮೈಲೇಜಿನ ಆಸೆಗೆ ಸಣ್ಣ ಜೆಟ್ ಹಾಕುವವರು ಪಣಕ್ಕಿಡುವುದು ಬರೀ ಪಿಸ್ಟನ್ನನ್ನಲ್ಲ.

ಇನ್ನೊಂದು ಸ್ವಾರಸ್ಯ ನೋಡಿ. ರಕ್ಷಣೆಗೆಂದು ಹೆಚ್ಚು ಎಣ್ಣೆ ಬೆರೆಸಿದರೆ ಮಿಶ್ರಣ ಇನ್ನಷ್ಟು ಲೀನ್ ಆಗುತ್ತದೆ! ಅದೇ ರಂಧ್ರದಲ್ಲಿ ಹರಿಯುವ ದ್ರವದಲ್ಲಿ ಎಣ್ಣೆಯ ಪಾಲು ಏರಿ ಪೆಟ್ರೋಲಿನ ಪಾಲು ಇಳಿಯುತ್ತದೆಯಲ್ಲವೇ?

ಹಾಗಾದರೆ ಯಾವ ಜೆಟ್ ಬದಲಿಸಬೇಕು? ಎಕ್ಸಲರೇಟರನ್ನು ಎಷ್ಟು ತಿರುಗಿಸಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಮೊದಲ ಕಾಲು ಭಾಗದಲ್ಲಿ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ ಮುಖ್ಯ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯ ಆಳ್ವಿಕೆ. ಅಲ್ಲಿಂದ ಮುಂದೆ ಮೇನ್ ಜೆಟ್. ಅರ್ಧ ಎಕ್ಸಲರೇಟರಿನಲ್ಲಿ ತೊದಲುವ ಇಂಜಿನ್ನಿಗೆ ಮೇನ್ ಜೆಟ್ ಬದಲಿಸುವುದು ಹೊಟ್ಟೆನೋವಿಗೆ ಹಣೆಗೆ ಪಟ್ಟು ಹಾಕಿದಂತೆ.

ಕಾರ್ಬ್ಯುರೇಟರನ್ನೇ ಬದಲಿಸುವವರಿಗೆ ಎರಡು ಮಾತು. ಮೊದಲನೆಯದು ಗಾತ್ರದ್ದು. 250 ಸಿ.ಸಿ. ಮೋಟೋಕ್ರಾಸ್ ಬೈಕಿನಲ್ಲಿ 38 ಮಿ.ಮೀ. ಕಾರ್ಬ್ಯುರೇಟರ್ ಸಾಮಾನ್ಯ. ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇಂಜಿನ್ನಿನ, ಬಂಡೆಗಳ ಮೇಲೆ ನಿಧಾನವಾಗಿ ಹತ್ತುವ ಟ್ರಯಲ್ಸ್ ಬೈಕಿಗೆ 28 ಮಿ.ಮೀ. ಸಾಕು. ದೊಡ್ಡ ಕೊಳವೆ ಹೆಚ್ಚು ಗಾಳಿ ಬಿಡುತ್ತದೆ ನಿಜ. ಆದರೆ ಇಂಜಿನ್ ನಿಧಾನವಾಗಿ ತಿರುಗುವಾಗ ಅಲ್ಲಿ ಗಾಳಿಯ ವೇಗ ಕುಂದಿ ಪೆಟ್ರೋಲು ಸರಿಯಾಗಿ ಮೇಲೇರದು. ಆರ್‌ಎಕ್ಸ್ 100ರ 20 ಮಿ.ಮೀ. ಕಾರ್ಬ್ಯುರೇಟರಿನ ಬದಲು 24 ಮಿ.ಮೀ. ಹಾಕಿದರೆ ಕೊಳವೆಯ ವಿಸ್ತೀರ್ಣ ಶೇಕಡಾ 44ರಷ್ಟು ಹೆಚ್ಚುತ್ತದೆ. ಅಷ್ಟೇ ಗಾಳಿ ಹರಿಯುವಾಗ ಅದರ ವೇಗ ಶೇಕಡಾ 30ರಷ್ಟು ಇಳಿಯುತ್ತದೆ.

ಎರಡನೆಯದು ಸಂಖ್ಯೆಗಳದ್ದು. ಕೀಹಿನ್ ಮೇನ್ ಜೆಟ್ಟಿನ 170 ಎಂಬ ಸಂಖ್ಯೆ ರಂಧ್ರದ ವ್ಯಾಸ 1.70 ಮಿ.ಮೀ. ಎಂಬುದನ್ನು ಸೂಚಿಸುತ್ತದೆ. ಮಿಕುನಿಯ ಷಟ್ಕೋನ ಜೆಟ್ಟಿನ ಸಂಖ್ಯೆ ಹರಿವಿನ ಅಳತೆ. ಆದ್ದರಿಂದ ಒಂದರ ಸಂಖ್ಯೆ ಇನ್ನೊಂದಕ್ಕೆ ಹೊಂದದು. ಸೂಜಿಯಿಂದಲೋ ತಂತಿಯಿಂದಲೋ ರಂಧ್ರವನ್ನು ಹಿಗ್ಗಿಸುವುದಂತೂ ಸಲ್ಲದು. 170ರಿಂದ 175ಕ್ಕೆ ಹೋದರೆ ವ್ಯಾಸದಲ್ಲಿ ಹೆಚ್ಚುವುದು ಒಂದು ತಲೆಗೂದಲಿನ ದಪ್ಪದಷ್ಟು. ವಿಸ್ತೀರ್ಣದಲ್ಲಿ ಹೆಚ್ಚುವುದು ಶೇಕಡಾ 6.

ಇನ್ನು ಊರಿನ ಎತ್ತರ. ಅಮೆರಿಕದ ಕೊಲರಾಡೊ ರಾಜ್ಯದ ಲೇಕ್‌ವುಡ್‌ನಲ್ಲಿ ಥಂಡರ್ ವ್ಯಾಲಿ ಎಂಬ ಪ್ರಸಿದ್ಧ ಮೋಟೋಕ್ರಾಸ್ ಪಥವಿದೆ. ಅದು ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಕಡಿಮೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರತೀರಕ್ಕಿಂತ ಸುಮಾರು ಶೇಕಡಾ 17 ಕಡಿಮೆ. ಆದರೆ ಜೆಟ್ಟಿನಿಂದ ಬರುವ ಪೆಟ್ರೋಲು ಅಷ್ಟು ಇಳಿಯದು. ಅದು ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ ಇಳಿಕೆ ಶೇಕಡಾ 9 ಮಾತ್ರ. ಹಾಗಾಗಿ ಬೆಟ್ಟದಲ್ಲಿ ಮಿಶ್ರಣ ರಿಚ್ ಆಗುತ್ತದೆ, ಸಣ್ಣ ಜೆಟ್ ಬೇಕಾಗುತ್ತದೆ. ಎಚ್ಚರ ಬೇಕಾದದ್ದು ಇಳಿದು ಬಂದಾಗ. ಚಿಕ್ಕಮಗಳೂರಿನ ಬೆಟ್ಟಕ್ಕೆ ಹೊಂದಿಸಿದ ಬೈಕನ್ನು ಹಾಗೆಯೇ ಮಂಗಳೂರಿನ ಕಡಲತೀರದಲ್ಲಿ ಓಡಿಸಿದರೆ ಅದು ಲೀನ್ ಆಗಿರುತ್ತದೆ. ಮಾಗಿಯ ಮುಂಜಾನೆಯ ತಣ್ಣನೆಯ, ದಟ್ಟ ಗಾಳಿಯದೂ ಇದೇ ಕಥೆ.

ಕೊನೆಗೆ ವಿಧಾನ. ಏರ್ ಫಿಲ್ಟರ್ ತೊಳೆದು, ಇಂಜಿನ್ ಬಿಸಿ ಮಾಡಿ, ಮೇನ್ ಜೆಟ್ಟನ್ನು ರಿಚ್ ಕಡೆಯಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಏರ್ ಸ್ಕ್ರೂ ಎರಡೂವರೆ ಸುತ್ತಿಗಿಂತ ಹೆಚ್ಚು ಬಿಚ್ಚಬೇಕಾಗಿ ಬಂದರೆ ಪೈಲಟ್ ಜೆಟ್ ದೊಡ್ಡದಾಯಿತು. ಒಂದು ಸುತ್ತಿಗಿಂತ ಕಡಿಮೆ ಸಾಕೆನಿಸಿದರೆ ಸಣ್ಣದಾಯಿತು. ಪ್ಲಗ್ ಬಿಚ್ಚಿ ನೋಡಿದಾಗ ಕಾಫಿಪುಡಿಯ ಕಂದು ಬಣ್ಣವಿದ್ದರೆ ಒಳ್ಳೆಯದು. ಸುಣ್ಣದಂತೆ ಬೆಳ್ಳಗಿದ್ದರೆ ಕೂಡಲೇ ನಿಲ್ಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ದಿನಾಂಕ, ಹವೆ, ಜೆಟ್ಟಿನ ಸಂಖ್ಯೆ, ಫಲ ಎಲ್ಲವನ್ನೂ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ಸ್ಟುಡಿಯೋದಲ್ಲಿ ದೀಪ ಮತ್ತು ಕ್ಯಾಮೆರಾದ ಕಿಂಡಿ ಎರಡನ್ನೂ ಒಮ್ಮೆಗೇ ಬದಲಿಸಬೇಡಿ ಎಂದು ನಮ್ಮ ತಂಡಕ್ಕೆ ನಾನು ಹೇಳುವುದೂ ಇದೇ ಕಾರಣಕ್ಕೆ. ಪರೀಕ್ಷೆ ಮುಚ್ಚಿದ ಪಥದಲ್ಲಿ, ಹೆಲ್ಮೆಟ್ ಧರಿಸಿ, ಬೆರಳುಗಳು ಕ್ಲಚ್ ಮೇಲಿರುವಂತೆ ನಡೆಯಲಿ. ಸಾರ್ವಜನಿಕ ರಸ್ತೆ ಪ್ರಯೋಗಶಾಲೆಯಲ್ಲ.

2017ರಲ್ಲಿ ಕೆಟಿಎಂ ಸಂಸ್ಥೆ ಎರಡು ಸ್ಟ್ರೋಕಿನ ಎಂಡ್ಯೂರೋ ಬೈಕುಗಳಿಗೆ ಇಂಧನ ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ತಂದಿತು. ಗಾಳಿಯ ಒತ್ತಡ, ಉಷ್ಣತೆಗಳನ್ನು ಅಳೆದು ಅದು ತಾನೇ ಲೆಕ್ಕ ಹಾಕುತ್ತದೆ. ಕಾರ್ಬ್ಯುರೇಟರ್ ಇರುವ ಬೈಕಿನಲ್ಲಿ ಆ ಲೆಕ್ಕವನ್ನು ನೀವೇ ಹಾಕಬೇಕು. ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯಿರಿ.